ಜೂಲಿಗೆ ಕಟ್ಟಿದ ರಿಬ್ಬನ್ನು

ಮೂರನೇ ಬಟ್ಟಲು ಕುಮಿಸನ್ನೂ ಶಾರಿಪಾ ಗಟಗಟನೆ ಕುಡಿದು ಮುಗಿಸಿದಾಗ ನನಗೆ ಅನುಮಾನ ಬಂತು. ಕುದುರೆ ಹಾಲಿನ ಆ ಹುಳಿ ನನ್ನ ಹೆಂಡತಿಗೆ ಆಗಿಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮಮ್ಮ ಪ್ರೀತಿಯಿಂದ ಕೊಟ್ಟದ್ದನ್ನೇ ಕದ್ದು ಬೆಕ್ಕಿಗೆ ಸುರಿಯುತ್ತಿದ್ದವಳು ಇವಳು. ಈಗ ತಾನಾಗಿಯೇ ಬಟ್ಟಲು ಚಾಚಿ "ಇನ್ನೊಂಚೂರು ಹಾಕು ಮಗಾ" ಎನ್ನುತ್ತಿದ್ದಾಳೆಂದರೆ, ಅವಳಿಗೆ ಬೇಕಾಗಿದ್ದು ಕುಮಿಸ್ ಅಲ್ಲ, ಆ ಗುಡಾರದಲ್ಲಿ ಇನ್ನಷ್ಟು ಹೊತ್ತು ಕೂರುವುದಕ್ಕೆ ಒಂದು ನೆಪ.

ಎಸೆನ್‌ಗೆ ಅದೇನು ಗೊತ್ತು? ಖುಷಿಯಿಂದ ಚರ್ಮದ ಚೀಲ ಕಲಕಿ ಬಟ್ಟಲು ತುಂಬಿಸಿದ. ನಲವತ್ತರ ಹತ್ತಿರದ ಗಂಡಸು, ಬಿಸಿಲಿಗೆ ಕೆನ್ನೆ ಒಡೆದು ಕೆಂಪಾಗಿದೆ. ಆದರೆ ನಕ್ಕರೆ ಥೇಟ್ ಅವರಮ್ಮ ಗುಲ್ಸುನ್. ಗುಲ್ಸುನ್ ನನ್ನ ಹೆಂಡತಿಯ ಶಾಲೆಯ ಗೆಳತಿ. ಅವಳು ತೀರಿಕೊಂಡಾಗ ಇವನಿನ್ನೂ ಚಿಕ್ಕ ಹುಡುಗ. ಆ ತರಗತಿಯ ಗೆಳತಿಯರೆಲ್ಲ ಸೇರಿ ಇವನನ್ನು ಸಾಕಿದರು. ಒಬ್ಬಳ ಮನೆಯಲ್ಲಿ ಊಟ, ಒಬ್ಬಳ ಮನೆಯಲ್ಲಿ ಬಟ್ಟೆ, ನಮ್ಮ ಮನೆಯಲ್ಲಿ ಬೈಗುಳ. ಹನ್ನೆರಡು ತಾಯಂದಿರ ಮಗ ಎಂದೇ ನಮ್ಮೂರು ಕರಾಕೋಲ್‌ನಲ್ಲಿ ಇವನಿಗೆ ಹೆಸರು.

ಅಂಥವನ ಮೇಲೆ ಅನುಮಾನಪಟ್ಟುಕೊಂಡು ನಾವು ಬೆಳಿಗ್ಗೆಯೇ ಬೆಟ್ಟ ಹತ್ತಿ ಬಂದಿದ್ದೆವು. ನನ್ನ ಹಳೇ ಕಾರಿಗೆ ಅದು ಇಷ್ಟವಿರಲಿಲ್ಲ, ದಾರಿಯುದ್ದಕ್ಕೂ ಕೆಮ್ಮಿತು. ನನಗೂ ಇಷ್ಟವಿರಲಿಲ್ಲ. ನಾನು ಬಾಯಿಬಿಟ್ಟೇ ಹೇಳಿದೆ. ಶಾರಿಪಾ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಪೊಲೀಸ್ ತನಿಖಾಧಿಕಾರಿಯಾಗಿ ಅವಳು ನಿವೃತ್ತಳಾಗಿ ಹತ್ತು ವರ್ಷವಾಯಿತು, ಆ ಅಭ್ಯಾಸ ಮಾತ್ರ ನಿವೃತ್ತಿಯಾಗಿಲ್ಲ.

ಇದಕ್ಕೆಲ್ಲ ಕಾರಣ ನಿನ್ನೆ ಸಂಜೆಯ ಚಹಾ. ಗೆಳತಿ ಬುರುಲ್ ನಮ್ಮನೆಗೆ ಬಂದು, ಲಾಭದ ಪಾಲಿಗೆಂದು ಎಸೆನ್‌ನ ಬೇಸಿಗೆ ಹುಲ್ಲುಗಾವಲಿನಲ್ಲಿ ಸಾಕಲು ಬಿಟ್ಟ ತನ್ನ ಹೆಣ್ಣು ಕುದುರೆಯನ್ನು ಹೊಗಳಿದ್ದೇ ಹೊಗಳಿದ್ದು. ಕಂದು ಬಣ್ಣವಂತೆ, ಹಣೆಯ ಬಿಳಿ ಚುಕ್ಕೆ ಒಂದು ಕಡೆಗೆ ಜಾರಿದೆಯಂತೆ, ಎಡಗಿವಿಯ ತುದಿ ಚೂರು ಹರಿದಿದೆಯಂತೆ, ಸಾಧು ಎಂದರೆ ಸಾಧುವಂತೆ. ನಾನು ಕರಿದ ಹಿಟ್ಟಿನ ಬೋರ್ಸೋಕ್ ಬಾಯಿಗಿಟ್ಟವನು ಹಾಗೇ ಕೂತೆ. ಅವಳು ವರ್ಣಿಸಿದ್ದು ನನ್ನ ಕುದುರೆಯನ್ನು! ನಾನು ಎರಡು ತಿಂಗಳ ಹಿಂದೆ ದುಡ್ಡು ಕೊಟ್ಟು, ಮುಟ್ಟಿ, ಮುದ್ದಿಸಿ, ಆಯ್ಸುಲು ಎಂದು ಹೆಸರಿಟ್ಟು, ಜೂಲಿಗೆ ಹಳದಿ ರಿಬ್ಬನ್ನು ಕಟ್ಟಿ ಬಂದ ನನ್ನ ಕುದುರೆ.

ಬುರುಲ್ ಕಟ್ಟಿದ್ದು ನೀಲಿ ರಿಬ್ಬನ್ನಂತೆ.

ಬುರುಲ್ ಹೋದ ಮೇಲೆ ಶಾರಿಪಾ ಇಷ್ಟೇ ಕೇಳಿದಳು, "ಮುದುಕಪ್ಪಾ, ನಿನ್ನ ಕಾರು ಬೆಟ್ಟ ಹತ್ತುತ್ತಾ?"

ಅವಸರಕ್ಕೆ ಕಾರಣವಿತ್ತು. ನಾಳೆ ಶನಿವಾರ, ಗೆಳತಿಯರ ಶೆರಿನೆ. ಹನ್ನೆರಡು ಜನ ತಿಂಗಳಿಗೊಮ್ಮೆ ಒಟ್ಟಿಗೆ ಕೂತು ಉಣ್ಣುತ್ತಾರೆ, ಎಲ್ಲರೂ ಒಂದಿಷ್ಟು ದುಡ್ಡು ಹಾಕುತ್ತಾರೆ, ಅದನ್ನು ಎಲ್ಲಿ ತೊಡಗಿಸಬೇಕೆಂದು ಜಗಳವಾಡುತ್ತಾರೆ. ನಾಳೆ ಆ ಕೂಟದಲ್ಲಿ ಜೂರಾ ತನ್ನ ಮನೆ ಮಾರಿದ ಹಣವನ್ನೆಲ್ಲ ಎಸೆನ್ ಕೈಗೆ ಕೊಡುವವಳಿದ್ದಳು, ಇನ್ನಷ್ಟು ಕುದುರೆ ಕೊಳ್ಳಲು. ಆ ಒಂದು ಮನೆ ಬಿಟ್ಟರೆ ಅವಳಿಗೆ ಬೇರೇನೂ ಇಲ್ಲ. ಗಂಡ ಇಲ್ಲ, ಮಕ್ಕಳಿಲ್ಲ, ಇಡೀ ಜೀವಮಾನ ಶಾಲೆಯಲ್ಲಿ ಹೊಲಿಗೆ ಕಲಿಸಿದವಳು. ಶಾರಿಪಾಗೆ ಒಂದನೇ ತರಗತಿಯಿಂದ ಒಂದೇ ಬೆಂಚಿನ ಜೊತೆಗಾತಿ. ಈಚೆಗೆ ಎರಡು ವರ್ಷದಿಂದ ಮೊಣಕಾಲು ನೋವೆಂದು ತನ್ನ ಸರದಿಯ ಶೆರಿನೆಯನ್ನು ಮನೆಯಲ್ಲಿ ಮಾಡದೆ ಹೋಟೆಲಿನಲ್ಲೇ ಮಾಡಿಸುತ್ತಿದ್ದಳು, ಪಾಪ.

"ಆ ಹಣ ನಾಳೆ ಅವಳ ಕೈ ಬಿಟ್ಟು ಹೋದರೆ ಜೂರಾ ಬೀದಿಗೆ ಬೀಳ್ತಾಳೆ" ಎಂದು ಬೆಟ್ಟದ ತಿರುವಿನಲ್ಲಿ ಶಾರಿಪಾ ಹೇಳಿದ್ದಳು. ದಾರಿಯುದ್ದಕ್ಕೂ ಅವಳಾಡಿದ್ದು ಅದೊಂದೇ ಮಾತು.

ಗುಡಾರದ ಹೊರಗೆ ಕುದುರೆಗಳು ಮೇಯುತ್ತಿದ್ದವು. ನಾನು ಅತ್ತ ನೋಡಲೇ ಇಲ್ಲ. ನೋಡಬಾರದೆಂದಲ್ಲ, ಎಣಿಸಬಾರದು. ಒಬ್ಬರ ಮನೆಗೆ ಹೋಗಿ ಅವರ ಮಂದೆಯನ್ನು ಎಣಿಸುವುದೆಂದರೆ ಅವರ ಭಾಗ್ಯಕ್ಕೆ ಕಣ್ಣು ಹಾಕಿದ ಹಾಗೆ. "ಎಷ್ಟಿವೆ?" ಎಂದು ಕೇಳುವುದಂತೂ ಕೆನ್ನೆಗೆ ಹೊಡೆದ ಹಾಗೆ. ನಮ್ಮಲ್ಲಿ ಕಳ್ಳನೂ ಆ ಪ್ರಶ್ನೆ ಕೇಳುವುದಿಲ್ಲ. ಕಳೆದ ಎರಡು ಬೇಸಿಗೆಯಲ್ಲಿ ಒಬ್ಬೊಬ್ಬರಾಗಿ ಬಂದ ಗೆಳತಿಯರೆಲ್ಲ ಉಂಡು, ಕುಡಿದು, ತಮ್ಮ ಕುದುರೆಯ ಕೊರಳು ತಬ್ಬಿ, ಹರಸಿ ಹೋಗಿದ್ದರು. ಎಣಿಸಿದವರಿಲ್ಲ.

"ನನ್ನ ಆಯ್ಸುಲೂನ ನೋಡ್ಕೊಂಡು ಬರ್ತೀನಿ" ಎಂದು ನಾನು ಎದ್ದೆ. ಎಸೆನ್ ನನಗಿಂತ ಮೊದಲೇ ಎದ್ದು, ತಾನೇ ಹಿಡಿದು ತರುತ್ತೇನೆಂದು ಓಡಿದ.

ತಂದ. ಅದೇ ಕಂದು ಬಣ್ಣ, ಅದೇ ಜಾರಿದ ಚುಕ್ಕೆ, ಅದೇ ಹರಿದ ಕಿವಿ. ಜೂಲಿನಲ್ಲಿ ನನ್ನ ಹಳದಿ ರಿಬ್ಬನ್ನು ಪಟಪಟ ಹಾರುತ್ತಿತ್ತು. ನನ್ನ ಎದೆ ತಣ್ಣಗಾಯಿತು. ನೋಡಿದೆಯಾ, ಬುರುಲ್‌ಗೇ ಎಲ್ಲೋ ಭ್ರಮೆ ಎಂದು ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ. ಕುದುರೆ ನನ್ನ ಅಂಗೈ ಮೂಸಿ, ಸಕ್ಕರೆ ಇಲ್ಲವೆಂದು ಗೊತ್ತಾಗಿ ಮುಖ ತಿರುಗಿಸಿತು.

ಶಾರಿಪಾ ಕುದುರೆಯನ್ನು ನೋಡಲಿಲ್ಲ. ರಿಬ್ಬನ್ನನ್ನು ಎರಡು ಬೆರಳಲ್ಲಿ ಹಿಡಿದು ಸವರಿದಳು. ಆಮೇಲೆ ಬಹಳ ಅಕ್ಕರೆಯಿಂದ ಎಂಬಂತೆ ಜೂಲನ್ನು ಬಾಚತೊಡಗಿದಳು. ಬಾಚುತ್ತ ಬಾಚುತ್ತ ನನ್ನ ಕೈಯನ್ನು ಎಳೆದು ಅಲ್ಲಿಟ್ಟಳು. ಕೂದಲು ಅಲ್ಲಲ್ಲಿ ಸೊಟ್ಟಗಾಗಿತ್ತು. ಜಡೆ ಬಿಚ್ಚಿದ ಮೇಲೆ ಹುಡುಗಿಯರ ಕೂದಲು ಸೊಟ್ಟಗಾಗಿರುತ್ತದಲ್ಲ, ಹಾಗೆ. ಒಂದು ಕಡೆಯಲ್ಲ, ಜೂಲಿನುದ್ದಕ್ಕೂ.

"ಎರಡು ತಿಂಗಳ ಬಿಸಿಲು, ಮಳೆ. ರಿಬ್ಬನ್ನು ಮಾತ್ರ ಅಂಗಡಿಯಿಂದ ಈಗ ತಂದ ಹಾಗಿದೆ" ಎಂದು ನನಗಷ್ಟೇ ಕೇಳುವ ಹಾಗೆ ಹೇಳಿದಳು. "ನಮ್ಮ ಕಾರು ಕೆಳಗಡೆ ಕೆಮ್ಮಿದ್ದು ಇವನಿಗೆ ಮೇಲೆ ಕೇಳಿಸಿದೆ."



ಹಾಲು ಕರೆಯುವ ಹೊತ್ತಾಗಿತ್ತು. ಬಹಳ ವರ್ಷವಾಯಿತು, ನಾನೂ ಒಂದು ಕೈ ನೋಡುತ್ತೇನೆ ಎಂದು ಶಾರಿಪಾ ತೋಳು ಮಡಚಿ ಮರಿಗಳ ಹಗ್ಗದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಎರಡು ಗೂಟಗಳ ನಡುವೆ, ನೆಲಕ್ಕೆ ಹತ್ತಿರವಾಗಿ ಎಳೆದು ಕಟ್ಟಿದ ಉದ್ದನೆಯ ಹಗ್ಗ. ಅದರಲ್ಲಿ ಸಾಲಾಗಿ ಕೊರಳ ಕುಣಿಕೆಗಳು. ಹಗಲೆಲ್ಲ ಕುದುರೆಮರಿಗಳನ್ನು ಇಲ್ಲಿ ಕಟ್ಟುತ್ತಾರೆ. ಮರಿ ಇಲ್ಲಿದ್ದರೆ ತಾಯಿ ದೂರ ಹೋಗುವುದಿಲ್ಲ, ಮರಿ ಬಂದು ಮೂತಿ ಇಡದೆ ತಾಯಿ ಹಾಲನ್ನೂ ಬಿಡುವುದಿಲ್ಲ.

ಮಂದೆಯನ್ನು ಎಣಿಸಬಾರದು, ಸರಿ. ಕುಣಿಕೆಗಳನ್ನು ಮುಟ್ಟಬಾರದೆಂದು ಯಾರೂ ಹೇಳಿಲ್ಲ. ಶಾರಿಪಾ ಒಂದೊಂದನ್ನೇ ಮುಟ್ಟುತ್ತ, ಮರಿಗಳ ಜೊತೆ ಮಾತಾಡುತ್ತ ಹಗ್ಗದ ಆ ತುದಿಯವರೆಗೂ ಹೋದಳು. ನಾನೂ ಹಿಂದೆ ಹೋದೆ. ಈ ಕಡೆಯ ಆರು ಕುಣಿಕೆಗಳು ಮರಿಗಳ ಕೊರಳು ಉಜ್ಜಿ ಉಜ್ಜಿ ಮೆತ್ತಗಾಗಿದ್ದವು, ನಾರಿಗೆ ಕೂದಲು ಅಂಟಿತ್ತು, ಬೆವರಿನ ವಾಸನೆ ಇತ್ತು. ಉಳಿದವು ಹೊಚ್ಚ ಹೊಸವು, ಕಟ್ಟಿಗೆಯ ಹಾಗೆ ಸೆಟೆದುಕೊಂಡಿದ್ದವು. ಅವಕ್ಕೆ ಯಾವ ಮರಿಯ ಕೊರಳೂ ತಾಗಿರಲಿಲ್ಲ.

ಉಳಿದ ಮರಿಗಳು ತಾಯಿಯರ ಜೊತೆ ಆಚೆ ಕಣಿವೆಗೆ ಹೋಗಿವೆ ಎಂದು ಎಸೆನ್ ಕೇಳದೆಯೇ ಹೇಳಿದ.

"ಹಾಲು ಕರೆಯೋ ಹೊತ್ತಲ್ಲಾ?" ಎಂದಳು ಶಾರಿಪಾ, ಹಾಲಿನಷ್ಟೇ ಮೆತ್ತಗೆ.

ಅವನು ಬಕೆಟ್ ಎತ್ತಿಕೊಂಡು ನಿಂತ. ಆ ಮುಖ ನನಗೆ ಗೊತ್ತು. ನಮ್ಮ ಕಿಟಕಿಯ ಗಾಜು ಒಡೆದು ಚೆಂಡನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಾಗಲೂ ಇದೇ ಮುಖ.

ನನಗೆ ಕಾರಿನ ನೀರು ನೋಡಿಕೊಂಡು ಬಾ ಎಂದು ಅಪ್ಪಣೆಯಾಯಿತು. ನಾನು ಹೋಗಲಿಲ್ಲ. ಇವಳು ಯಾರನ್ನಾದರೂ ಮೆತ್ತಗೆ ಮಾತಾಡಿಸಿ ಗುಡಾರದೊಳಗೆ ಕರೆದುಕೊಂಡು ಹೋದರೆ, ಆ ಮನುಷ್ಯನ ಜೊತೆಗೆ ಒಬ್ಬರಾದರೂ ಇರಬೇಕು.

ಒಳಗೆ ಕೂತ ಮೇಲೆ ಶಾರಿಪಾ ಗದರಲಿಲ್ಲ. ರೊಟ್ಟಿ ಮುರಿದು ಮೊದಲ ತುಂಡನ್ನು ಅವನಿಗೇ ಕೊಟ್ಟಳು.

"ಡಬ್ಬ ತಗೊಂಡು ಬಾ ಮಗಾ."

"ಯಾವ ಡಬ್ಬ ಎಜೆ?" ಶಾರಿಪಾಳನ್ನು ಅವನು ಮೊದಲಿಂದಲೂ ಎಜೆ, ಅಕ್ಕ ಎಂದೇ ಕರೆಯುವುದು.

"ರಿಬ್ಬನ್ನುಗಳದು. ಇಷ್ಟು ಜನಕ್ಕೆ ಕಟ್ಟಿ ಬಿಚ್ಚಬೇಕಾದರೆ ಎಲ್ಲಾದರೂ ಇಟ್ಟಿರಲೇಬೇಕಲ್ಲ."

ಎಸೆನ್ ರೊಟ್ಟಿಯನ್ನು ಬಾಯಿಗಿಡದೆ ಕಂಬಳಿಯ ಮೇಲಿಟ್ಟ. ಆಮೇಲೆ ಎದ್ದು, ಮಡಚಿಟ್ಟ ಹಾಸಿಗೆಗಳ ಸಂದಿಯಿಂದ ಒಂದು ಬಿಸ್ಕತ್ತಿನ ಡಬ್ಬ ತಂದು ಅವಳ ಮುಂದಿಟ್ಟ. ಇಟ್ಟವನು ಅಲ್ಲೇ ಕುಸಿದು, ಮೊಣಕಾಲಿನ ಮೇಲೆ ಹಣೆ ಇಟ್ಟು ಅಳತೊಡಗಿದ. ಅಷ್ಟು ದೊಡ್ಡ ಗಂಡಸು ಹಾಗೆ ಅತ್ತರೆ ಕರುಳು ಕಿತ್ತು ಬರುತ್ತದೆ. ನನಗೆ ಅವನಿಗೆ ಎರಡು ಬಾರಿಸಬೇಕೆನಿಸಿತು, ಎಳೆದು ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡನೆಯದನ್ನೇ ಮಾಡಿದೆ.

ಬಿಕ್ಕುತ್ತ ಬಿಕ್ಕುತ್ತ ಅವನು ಹೇಳಿದ್ದಿಷ್ಟು. ಇರುವುದು ಆರೇ ಕುದುರೆ, ಎಲ್ಲವೂ ಅವನವೇ. ಐದು ಒದೆಯುತ್ತವೆ. ಸಾಧುವಾದದ್ದು ಚುಕ್ಕೆಯದೊಂದೇ. ಮೊದಲು ಬುರುಲ್ ಅದನ್ನೇ ಮೆಚ್ಚಿ ಕೊಂಡಳು. ಆಮೇಲೆ ಬಂದವರಿಗೂ ಅದೇ ಬೇಕು, ಬೇರೆಯದು ಬೇಡ. ಹಾಗಾದರೆ ಅದನ್ನೇ ಮಾರು, ರಿಬ್ಬನ್ನು ಬದಲಾಯಿಸಿದರಾಯಿತು, ಯಾರೂ ಎಣಿಸುವುದಿಲ್ಲ, ಯಾರೂ ಕೇಳುವುದಿಲ್ಲ ಎಂದು ಒಬ್ಬರು ಹೇಳಿಕೊಟ್ಟರು. ಬಂದ ಹಣವನ್ನೆಲ್ಲ ಇವನು ಅವರ ಕೈಗೇ ಕೊಟ್ಟ. ಶರತ್ಕಾಲದಲ್ಲಿ ಲಾಭವೆಂದು ಎಲ್ಲರಿಗೂ ಹಂಚಿದ್ದು ಅವರೇ ಎಣಿಸಿ ಕಳಿಸಿದ ಹಣ. ಒಂದು ಸೋಮ್ ಕೂಡ ತಾನು ತಿಂದಿಲ್ಲ ಎಂದು ಅಮ್ಮನ ಗೋರಿಯ ಮೇಲೆ ಆಣೆ ಇಟ್ಟ.

ಯಾರು ಎಂದು ನಾನು ಕೇಳಿದೆ. ಹೇಳಲಿಲ್ಲ.

ಶಾರಿಪಾ ಅಷ್ಟರಲ್ಲಿ ರಿಬ್ಬನ್ನುಗಳನ್ನು ಕಂಬಳಿಯ ಮೇಲೆ ಒಂದೊಂದಾಗಿ ಹರಡುತ್ತಿದ್ದಳು. ನೀಲಿ, ಬುರುಲ್‌ದು. ಹಸಿರು, ನರ್ಸ್ ಆಗಿದ್ದವಳದು. ಗುಲಾಬಿ, ಬೇಕರಿಯವಳದು. ಒಂದೊಂದಕ್ಕೂ ಒಂದೊಂದು ಗೆಳತಿಯ ಹೆಸರು ಹೇಳಿ, ಕೂಸನ್ನು ಮಲಗಿಸುವ ಹಾಗೆ ನೇರ ಮಾಡಿ ಮಲಗಿಸುತ್ತಿದ್ದಳು. ಎಲ್ಲದರ ಅಂಚಿಗೂ ಇರುವೆ ಸಾಲಿನಂಥ ಸಣ್ಣ ಹೊಲಿಗೆ. ಅದು ಜೂರಾಳ ಕೈಕೆಲಸ. ಪ್ರತಿಯೊಬ್ಬರೂ ಕುದುರೆ ಕೊಂಡಾಗ ಜೂರಾ ಶೆರಿನೆಯಲ್ಲಿ ಒಂದೊಂದು ರಿಬ್ಬನ್ನು ಉಡುಗೊರೆ ಕೊಡುತ್ತಿದ್ದಳು, ನಿನ್ನ ಕುದುರೆಗೆ ನಿನ್ನ ಕೈಯಾರೆ ಕಟ್ಟು ಎಂದು. ಅದು ನಮಗೆಲ್ಲ ಎಷ್ಟು ಚಂದ ಕಂಡಿತ್ತು!

"ನಮ್ಮಜ್ಜಿಯಂದಿರು ಕತ್ತಲಲ್ಲಿ ಕೆನೆಯೋದು ಕೇಳಿಯೇ ಯಾವ ಕುದುರೆ ಅಂತ ಹೇಳ್ತಿದ್ದರು" ಎಂದಳು ಶಾರಿಪಾ. "ಅವರ ಮೊಮ್ಮಕ್ಕಳು ಪೇಟೇಲಿ ಬೆಳೆದು ರಿಬ್ಬನ್ನು ನೋಡ್ಕೊಂಡು ಬಂದ್ವಿ."

ನನಗೆ ಸಿಟ್ಟು ಬಂದಿತ್ತು. ಇಷ್ಟು ಸಲ ಕಳೆದುಕೊಂಡೂ ಈ ಹೆಂಗಸರಿಗೆ ಬುದ್ಧಿ ಬರಲಿಲ್ಲವಲ್ಲ ಎಂದೆ. ಸೋವಿಯತ್ ಒಕ್ಕೂಟ ಒಡೆದ ಹೊಸದರಲ್ಲಿ ಇದೇ ಗೆಳತಿಯರು ಯಾವುದೋ ಹೂಡಿಕೆ ಕಂಪನಿಯ ಬಣ್ಣಬಣ್ಣದ ಷೇರು ಕಾಗದ ಕೊಂಡಿದ್ದರು. ಕಂಪನಿಯವನು ರಾತ್ರೋರಾತ್ರಿ ನಾಪತ್ತೆ, ಶಾರಿಪಾಳ ತನಿಖೆಗೂ ಸಿಗಲಿಲ್ಲ. ಬುರುಲ್ ಆ ಕಾಗದಗಳನ್ನು ಪೆಟ್ಟಿಗೆಯ ಒಳಗೆ ಅಂಟಿಸಿಕೊಂಡಳು, ಈಗಲೂ ಇವೆ, ಚೆನ್ನಾಗಿವೆ. ಕಾಗದ ನಂಬಬಾರದೆಂದು ಪಾಠ ಕಲಿತರು. ಆಮೇಲೆ ಬೆಳ್ಳುಳ್ಳಿಗೆ ಬೆಲೆ ಬಂತೆಂದು ಹೊಲ ಗುತ್ತಿಗೆ ಹಿಡಿದು ಬೆಳ್ಳುಳ್ಳಿ ಹಾಕಿದರು. ಆ ವರ್ಷ ಸರೋವರದ ಸುತ್ತಲಿನ ಊರೂರೂ ಬೆಳ್ಳುಳ್ಳಿ ಹಾಕಿತ್ತು. ಕೇಳುವವರಿಲ್ಲದೆ ನಾವು ಎರಡು ಚಳಿಗಾಲ ಬೆಳ್ಳುಳ್ಳಿಯನ್ನೇ ತಿಂದೆವು, ಆಗ ನಾನು ಓಡಿಸುತ್ತಿದ್ದ ಬಸ್ಸಿನ ಪ್ರಯಾಣಿಕರು ನನ್ನಿಂದ ಮುಖ ತಿರುಗಿಸಿ ಕೂರುತ್ತಿದ್ದರು. ಊರೆಲ್ಲ ಹಾಕಿದ್ದನ್ನು ಹಾಕಬಾರದೆಂದು ಇನ್ನೊಂದು ಪಾಠ. ಆ ಎರಡು ಪಾಠದ ಮೇಲೆ ಈ ಕುದುರೆ. ಕಾಗದವಲ್ಲ, ಮುಟ್ಟಿ ನೋಡಬಹುದು. ಊರಲ್ಲಿ ಬೇರೆ ಯಾರೂ ಮಾಡುತ್ತಿಲ್ಲ. ಇನ್ನೇನು ಬೇಕು?

"ಪಾಠವೇ ತಪ್ಪು ಕಲಿತ್ವಿ ಮುದುಕಪ್ಪಾ" ಎಂದಳು ಅವಳು. "ನಮಗೆ ಟೋಪಿ ಹಾಕಿದ್ದು ಕಾಗದವೂ ಅಲ್ಲ, ಬೆಳ್ಳುಳ್ಳಿಯೂ ಅಲ್ಲ. ಪ್ರತಿ ಸಲಾನೂ ಒಬ್ಬಳು ಮುಂದೆ ಹೋದಳು, ಅವಳ ಮುಖ ನೋಡಿ ನಾವು ಹಿಂದೆ ಹೋದ್ವಿ. ಕೇಳಿದ್ರೆ ಅವಳಿಗೆ ಬೇಜಾರಾಗುತ್ತೆ ಅಂತ ಬಾಯಿ ಮುಚ್ಕೊಂಡ್ವಿ. ಷೇರು ಕಾಗದ ಕೊಂಡಾಗಲೂ ಕೇಳಲಿಲ್ಲ, ಈ ಕುದುರೆಗಳನ್ನೂ ಎಣಿಸಲಿಲ್ಲ. ಎರಡೂ ಒಂದೇ."

ಹೇಳಿ ಮುಗಿಸಿದವಳು ಕೈಯಲ್ಲಿದ್ದ ಕೊನೆಯ ರಿಬ್ಬನ್ನನ್ನು ಹಾಗೇ ಹಿಡಿದುಕೊಂಡಳು. ತನ್ನ ಮಾತು ತನಗೇ ತಿರುಗಿ ಬಂದು ಬಡಿದ ಹಾಗೆ ಅವಳ ಮುಖ ಬದಲಾಯಿತು. ಡಬ್ಬವನ್ನು ಎತ್ತಿ ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಬಿಸ್ಕತ್ತಿನ ಹಳೇ ಪುಡಿ ಉದುರಿತು, ಬೇರೇನಿಲ್ಲ.

"ಎಸೆನ್, ಜೂರಾಳ ರಿಬ್ಬನ್ನು ಎಲ್ಲಿ?"

ನನಗೂ ಆಗಲೇ ಹೊಳೆದದ್ದು. ಎಲ್ಲರಿಗಿಂತ ಮೊದಲು ಕುದುರೆ ಕೊಂಡವಳು ತಾನೆಂದು ಜೂರಾ ಎರಡು ವರ್ಷದಿಂದ ಹೇಳುತ್ತಿದ್ದಳು. ತನ್ನದು ಬಿಳಿ ರಿಬ್ಬನ್ನು ಎಂದಿದ್ದಳು. ಕಂಬಳಿಯ ಮೇಲೆ ಬಿಳಿ ಇರಲಿಲ್ಲ.

ಎಸೆನ್ ಅಳು ನಿಲ್ಲಿಸಿದ್ದ.

"ಎಜೆ, ನನ್ನನ್ನ ಬೇಕಾದರೆ ಪೊಲೀಸಿಗೆ ಕೊಡಿ. ಅದೊಂದು ಮಾತ್ರ ಕೇಳಬೇಡಿ" ಎಂದ. "ಅಮ್ಮ ತೀರಿಕೊಂಡ ಚಳಿಗಾಲದಲ್ಲಿ ನನಗೆ ಕೋಟು ಹೊಲಿದುಕೊಟ್ಟ ಕೈ ಅದು."

ಶಾರಿಪಾ ಇನ್ನೇನೂ ಕೇಳಲಿಲ್ಲ. ರಿಬ್ಬನ್ನುಗಳನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ಅಂಗೈಗಳಿಂದ ಮುಖ ಸವರಿ ಊಟಕ್ಕೆ ಹರಸಿ, ಎದ್ದಳು. ಹೊರಡುವಾಗ ಎಸೆನ್‌ನ ತಲೆಯನ್ನು ಬಗ್ಗಿಸಿ ಹಣೆಗೆ ಮುತ್ತಿಟ್ಟಳು. ನಾಳೆ ಊರಿಗೆ ಬರಬೇಡ, ಯಾರ ಕೈಯಿಂದಲೂ ಏನೂ ತೆಗೆದುಕೊಳ್ಳಬೇಡ ಎಂದಷ್ಟೇ ಹೇಳಿದಳು. ಅವನು ಗುಡಾರದ ಬಾಗಿಲಲ್ಲಿ ನಿಂತೇ ಇದ್ದ. ಆಯ್ಸುಲು ಅವನ ಬೆನ್ನಿಗೆ ಮೂತಿ ಒರೆಸುತ್ತಿತ್ತು.

ಇಳಿಯುವಾಗ ನಾನು ವಾದ ಮಾಡಿದ್ದೇ ಮಾಡಿದ್ದು. ಜೂರಾ ಅಂಥವಳಲ್ಲ. ನನ್ನ ಮದುವೆಯ ಅಂಗಿ ಹೊಲಿದವಳು ಅವಳು, ಶಾರಿಪಾ ಆಸ್ಪತ್ರೆಯಲ್ಲಿದ್ದಾಗ ಮೂರು ವಾರ ನಮ್ಮ ಮನೆಯ ಒಲೆ ಹಚ್ಚಿದವಳು ಅವಳು. ರಿಬ್ಬನ್ನು ಒಂದು ಎಲ್ಲೋ ಗಾಳಿಗೆ ಹಾರಿಹೋಗಿರಬಹುದು. ಹೋಗಲಿ, ಟೋಪಿ ಹಾಕುವವಳೇ ಆಗಿದ್ದರೆ ತನ್ನ ಸ್ವಂತ ಮನೆ ಮಾರಿ ಆ ಹಣವನ್ನು ಅದೇ ಬಾವಿಗೆ ಯಾಕೆ ಸುರಿಯುತ್ತಾಳೆ? ಹೇಳು ನೋಡೋಣ, ದೊಡ್ಡ ತನಿಖಾಧಿಕಾರಿ!

"ಅದೇ ನನಗೂ ಉಳಿದಿರೋ ಆಸೆ" ಎಂದಳು ಶಾರಿಪಾ. "ಆ ಮನೆ ಒಂದೇ ಅವಳ ಪರವಾಗಿ ಸಾಕ್ಷಿ ಹೇಳ್ತಿರೋದು. ಬೇಗ ಓಡಿಸು."

ಅವಳ ಕೈ ಜೇಬಿನಲ್ಲೇ ಇತ್ತು. ರಿಬ್ಬನ್ನುಗಳನ್ನು ಹಿಚುಕುತ್ತಿದ್ದಳೆಂದು ಕಾಣುತ್ತದೆ. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಹೆದರಿದ್ದನ್ನು ನಾನು ನೋಡಿದ್ದು ಕಡಿಮೆ. ಗೇರಿನ ಮೇಲಿದ್ದ ನನ್ನ ಕೈಯನ್ನು ತೆಗೆದು ಅವಳ ಮಂಡಿಯ ಮೇಲಿಟ್ಟೆ. ರಸ್ತೆ ನೋಡು ಎಂದು ಬೈದಳು, ಕೈಯನ್ನು ಮಾತ್ರ ತಳ್ಳಲಿಲ್ಲ.

ಇನ್ನೂ ಬಿಸಿಲಿರುವಾಗಲೇ ಕರಾಕೋಲ್ ಮುಟ್ಟಿದೆವು. ಜೂರಾಳ ಬೀದಿಯಲ್ಲಿ ಏಪ್ರಿಕಾಟ್ ಹಣ್ಣುಗಳನ್ನು ಚಾಪೆಯ ಮೇಲೆ ಒಣಗಲು ಹರಡಿದ್ದರು. ಅವಳ ಮನೆಯ ಗೇಟಿಗೆ ಒಬ್ಬ ಯುವಕ ನೀಲಿ ಬಣ್ಣ ಬಳಿಯುತ್ತಿದ್ದ. ಅವನನ್ನು ನಾನು ಮೊದಲೂ ನೋಡಿದ್ದೆ. ಹಬ್ಬದ ಊಟ ಮುಗಿಸಿ ಜೂರಾಳನ್ನು ಇಲ್ಲಿ ಇಳಿಸಿ ಹೋಗುವಾಗೆಲ್ಲ ಗೇಟು ತೆರೆಯುತ್ತಿದ್ದ. ಅವಳ ತಂಗಿಯ ಮಗನಿರಬೇಕು ಅಂದುಕೊಂಡಿದ್ದೆ. ಒಳಗೆ ಬನ್ನಿ ಎಂದು ಅವಳು ಕರೆದಿರಲಿಲ್ಲ, ನಾನೂ ಇಳಿದಿರಲಿಲ್ಲ.

ಜೂರಾ ಇದ್ದಾಳೆಯೇ ಎಂದು ಶಾರಿಪಾ ಕೇಳಿದಳು.

"ಎಜೆ ಹಿಂದಿನ ಕೋಣೇಲಿದ್ದಾರೆ, ಪಕ್ಕದಿಂದ ಹೋಗಿ. ಗೇಟು ಮುಟ್ಟಬೇಡಿ, ಹಸಿ ಇದೆ" ಎಂದ ಅವನು.

ಜೂರಾ ಈ ಮನೆಯನ್ನು ಈಗಷ್ಟೇ ಮಾರಿದಳಂತಲ್ಲ, ನೀನು ಬಣ್ಣ ಯಾಕೆ ಬಳಿಯುತ್ತಿದ್ದೀಯ ಎಂದು ನಾನು ಕೇಳಿಬಿಟ್ಟೆ.

ಅವನು ಬ್ರಷ್ ಕೆಳಗಿಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾರು ಹೇಳಿದ್ದು ಅಣ್ಣಾ? ನಾನು ಈ ಮನೆ ತಗೊಂಡೇ ಎರಡು ವರ್ಷ ಆಯ್ತು. ಬಣ್ಣ ಬಳಿಯೋಕೆ ಪುರಸೊತ್ತಾಗಿದ್ದು ಈಗ. ಎಜೆ ಪಾಪ ಬಾಡಿಗೆಗಿದ್ದಾರೆ, ನನ್ನ ಹೆಂಡತಿಗೆ ಹೊಲಿಗೆ ಹೇಳಿಕೊಡ್ತಾರೆ."

ಮಾರಲು ಮನೆಯೇ ಇಲ್ಲದವಳು ನಾಳೆ ಎಲ್ಲರ ಮುಂದೆ ಮನೆ ಮಾರಿದ ಹಣ ಎಂದು ಒಂದು ಕಟ್ಟನ್ನು ಇಡುವವಳಿದ್ದಳು. ಅದನ್ನು ನೋಡಿ ಬುರುಲ್ ತನ್ನ ಫ್ಲ್ಯಾಟು ಮಾರುತ್ತಿದ್ದಳು, ಮಿಕ್ಕವರು ಬಳೆ ಬಿಚ್ಚುತ್ತಿದ್ದರು. ನಾವು ಉಳಿಸಲು ಓಡಿ ಬಂದದ್ದು ಯಾರನ್ನು?

ಶಾರಿಪಾ ಆಗಲೇ ಪಕ್ಕದ ಓಣಿಯಲ್ಲಿ ನಡೆಯುತ್ತಿದ್ದಳು. ಅವಳ ಬೆನ್ನು ಎಂದಿನಂತೆ ನೆಟ್ಟಗಿರಲಿಲ್ಲ.

ಕೋಣೆ ಚಿಕ್ಕದು, ಗುಡಿಸಿ ಒರೆಸಿ ಚೊಕ್ಕಟವಾಗಿತ್ತು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಯಲ್ಲಿ ಆ ಹಳೆಯ ತರಗತಿಯ ಫೋಟೋ. ಮುಂದಿನ ಸಾಲಿನಲ್ಲಿ ಎರಡು ಜಡೆಯ ಶಾರಿಪಾ, ಅವಳ ಕೈ ಹಿಡಿದುಕೊಂಡು ಜೂರಾ. ಈಗಿನ ಜೂರಾ ಕಿಟಕಿಯ ಬೆಳಕಿನಲ್ಲಿ ಕೂತು ಬಿಳಿ ರಿಬ್ಬನ್ನೊಂದರ ಅಂಚು ಹೊಲಿಯುತ್ತಿದ್ದಳು. ನಮ್ಮನ್ನು ನೋಡಿ ಬೆಚ್ಚಲಿಲ್ಲ. ಮೇಜಿನ ಮೇಲೆ ಚಹಾ ಇತ್ತು, ಮೂರು ಬಟ್ಟಲುಗಳಿದ್ದವು.

"ಎಸೆನ್ ಫೋನ್ ಮಾಡಿದ್ದ" ಎಂದಳು. "ಕೂತ್ಕೋ ಶಾರಿ. ಕುಮಿಸ್ ಕುಡಿದೆಯಂತೆ, ಹೊಟ್ಟೆ ಹೇಗಿದೆ?"

ಶಾರಿ ಎಂದು ಇವಳನ್ನು ಕರೆಯುವವರು ಭೂಮಿಯ ಮೇಲೆ ಅವಳೊಬ್ಬಳೇ. ನನ್ನ ಹೆಂಡತಿ ಜೇಬಿನಿಂದ ರಿಬ್ಬನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ನಮ್ಮ ದುಡ್ಡು ಎಲ್ಲಿ ಜೂರಾ?"

ಜೂರಾ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಜೋಪಾನವಾಗಿ ಬಟ್ಟೆಗೆ ಚುಚ್ಚಿಟ್ಟಳು. ಶಾರಿಪಾಳ ಮುಖವನ್ನು ಬಹಳ ದಿನ ಕಾಣದ ತಂಗಿಯನ್ನು ನೋಡುವ ಹಾಗೆ ನೋಡಿದಳು. ಸಿಕ್ಕಿಬಿದ್ದವಳ ಮುಖವಲ್ಲ ಅದು. ಹೊತ್ತ ಹೊರೆಯನ್ನು ಇಳಿಸಲು ಜಾಗ ಸಿಕ್ಕವಳ ಮುಖ.

"ಯಾವ ದುಡ್ಡು ಶಾರಿ? ಈ ಕುದುರೆಗಳದ್ದಾ, ಆ ಷೇರು ಕಾಗದದ್ದಾ?" ಎಂದಳು. "ಆವತ್ತು ಆ ಕೇಸು ನಿನ್ನ ಕೈಲೇ ಇತ್ತು. ಊರಲ್ಲಿ ಒಬ್ಬೊಬ್ಬರನ್ನೂ ಠಾಣೆಗೆ ಕರೆಸಿ ಕೇಳಿದೆ. ನನ್ನೊಬ್ಬಳನ್ನ ಬಿಟ್ಟು. ನೀನು ಕರೆಸ್ತೀಯಾಂತ ಕೋಟು ಹಾಕ್ಕೊಂಡು ಕಿಟಕಿ ಹತ್ರ ಕೂತಿದ್ದೆ ಕಣೇ ನಾನು. ಆವತ್ತು ಕೇಳಿದ್ದಿದ್ದರೆ ಆವತ್ತೇ ಹೇಳಿಬಿಡ್ತಿದ್ದೆ."

ಹೊರಗೆ ಗೇಟಿನ ಮೇಲೆ ಬ್ರಷ್ ಆಡುವ ಸದ್ದು ಕೇಳುತ್ತಿತ್ತು. ಶಾರಿಪಾ ಕುರ್ಚಿ ಎಳೆದುಕೊಂಡು, ಜೂರಾಳ ಎದುರಿಗಲ್ಲ, ಪಕ್ಕದಲ್ಲಿ, ಆ ಶಾಲೆಯ ಬೆಂಚಿನಲ್ಲಿ ಕೂರುತ್ತಿದ್ದ ಹಾಗೆ ಕೂತಳು.

"ಈಗ ಕೇಳ್ತಿದ್ದೀನಿ" ಎಂದಳು.

ಜೂರಾ ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿ ಬಂದು, ಆ ಷೇರು ಕಾಗದದಿಂದಲೇ ಶುರು ಮಾಡಿದಳು.